1,240 ಗ್ರಾಂ ಮಗುವಿಗೆ ಮೊದಲ ಹಾಲು: ತುಮಕೂರು ಜಿಲ್ಲೆಯ ಒಂದು ಪ್ರಕರಣ

ಮಧುಗಿರಿ ತಾಲ್ಲೂಕಿನ ಹಳ್ಳಿಯೊಂದರ 22 ವರ್ಷದ ಚೊಚ್ಚಲ ಗರ್ಭಿಣಿಗೆ 30 ವಾರ ತುಂಬುವ ಹೊತ್ತಿಗೇ ನೋವು ಶುರುವಾಯಿತು. ಮಗುವಿನ ಶ್ವಾಸಕೋಶ ಬಲಿಯಲೆಂದು ತಾಲ್ಲೂಕು ಆಸ್ಪತ್ರೆಯಲ್ಲಿ ಡೆಕ್ಸಾಮೆಥಸೋನ್ 6 ಮಿ.ಗ್ರಾಂ. ಚುಚ್ಚುಮದ್ದು ಆರಂಭಿಸಿದರು. 12 ಗಂಟೆಗೊಂದರಂತೆ ನಾಲ್ಕು ಆಗಬೇಕಿತ್ತು, ಎರಡು ಮುಗಿಯುವಷ್ಟರಲ್ಲಿ ಸಹಜ ಹೆರಿಗೆಯಾಯಿತು. ಹೆಣ್ಣು ಮಗು, ತೂಕ 1,240 ಗ್ರಾಂ. ಹುಟ್ಟುತ್ತಲೇ ಅತ್ತಿತು, ಆದರೆ ಉಸಿರಿನ ಜೊತೆ ನರಳಿಕೆ, ಪಕ್ಕೆ ಸೆಳೆತ. ತಾಯಿಗೆ ರಕ್ತಸ್ರಾವ ಜಾಸ್ತಿಯಿದ್ದುದರಿಂದ ಅವಳನ್ನು ಅಲ್ಲೇ ಉಳಿಸಿಕೊಂಡು, ಮಗುವನ್ನು ಅಜ್ಜಿಯ ಎದೆಗೆ ಕಟ್ಟಿ, ಮೇಲೆ ಕಂಬಳಿ ಹೊದಿಸಿ, 108 ವಾಹನದಲ್ಲಿ ತುಮಕೂರಿನ ನವಜಾತ ಶಿಶು ಘಟಕಕ್ಕೆ ಕಳಿಸಿದರು. ಒಳಗೆ ಬಂದಾಗ ಮೈಶಾಖ 36.1 ಡಿಗ್ರಿ ಸೆಲ್ಸಿಯಸ್, ರಕ್ತದ ಸಕ್ಕರೆ 52.

ಇದು ಒಂದೇ ಮಗುವಿನ ಕೇಸ್ ಶೀಟ್ ಅಲ್ಲ. ಜಿಲ್ಲಾ ಮಟ್ಟದ ಘಟಕಗಳಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕುಗಳನ್ನು ಒಂದು ಮಗುವಿನ ಸುತ್ತ ಹೆಣೆದು, ಸ್ಟಾಫ್ ನರ್ಸ್‌ಗಳು ಮತ್ತು ಹೊಸದಾಗಿ ಡ್ಯೂಟಿಗೆ ಬಂದ ವೈದ್ಯರ ಚರ್ಚೆಗೆಂದು ಬರೆದದ್ದು. ಓದುವಾಗ ಒಂದು ಸಂಗತಿಯ ಮೇಲೆ ಕಣ್ಣಿಡಿ. ಈ ಮಗುವಿನ ಹಾಲು ನಾಲ್ಕು ಸಲ ನಿಲ್ಲುವುದರಲ್ಲಿತ್ತು, ಇಲ್ಲವೇ ಕುಂಠಿತವಾಯಿತು. ನಾಲ್ಕರಲ್ಲಿ ಒಂದು ಸಲವೂ ಅದಕ್ಕೆ ಮಗುವಿನ ಕರುಳು ಕಾರಣವಾಗಿರಲಿಲ್ಲ.

ಮೊದಲ ದಿನ: ಹಾಲೇ ಇಲ್ಲದ ಘಟಕದಲ್ಲಿ ಹಾಲು ಶುರು ಮಾಡುವುದು

ಮಗುವನ್ನು ವಾರ್ಮರ್ ಮೇಲೆ ಮಲಗಿಸಿ ಸಿಪ್ಯಾಪ್ (ಮೂಗಿನ ಮೂಲಕ ಒತ್ತಡದ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಸಾಧನ) ಹಾಕಲಾಯಿತು, ಒತ್ತಡ 5 ಸೆಂ.ಮೀ. ನೀರಿನಷ್ಟು, ಆಮ್ಲಜನಕ ಶೇ. 30. ಉಸಿರು ನಡುನಡುವೆ ನಿಲ್ಲದಿರಲೆಂದು ಕೆಫೀನ್ 25 ಮಿ.ಗ್ರಾಂ. ಮೊದಲ ಡೋಸ್ ಹೋಯಿತು. ಮೊದಲ ದಿನದ ಒಟ್ಟು ದ್ರವ ಕೆಜಿಗೆ 80 ಮಿ.ಲೀ. ಲೆಕ್ಕದಲ್ಲಿ 99 ಮಿ.ಲೀ. ಅಷ್ಟನ್ನೂ ಶೇ. 10ರ ಡೆಕ್ಸ್‌ಟ್ರೋಸ್ ಆಗಿ ಕೊಟ್ಟರೆ ಡ್ರಿಪ್ ಗಂಟೆಗೆ 4.1 ಮಿ.ಲೀ. ಓಡುತ್ತದೆ, ಕೆಜಿಗೆ ನಿಮಿಷಕ್ಕೆ 5.5 ಮಿ.ಗ್ರಾಂ. ಸಕ್ಕರೆ ಸಿಗುತ್ತದೆ. ಸಕ್ಕರೆ ಮಟ್ಟ ಕಾಯಲು ಇಷ್ಟು ಸಾಕು. ಆಹಾರವೆಂದು ನೋಡಿದರೆ ಇದು ತೀರಾ ಕಡಿಮೆ: ದಿನಕ್ಕೆ ಕೆಜಿಗೆ ಬರೀ 27 ಕ್ಯಾಲೊರಿ, ಪ್ರೋಟೀನ್ ಸೊನ್ನೆ. ರಕ್ತನಾಳದ ಮೂಲಕ ಅಮೈನೋ ಆಮ್ಲ ಕೊಡುವ ಅನುಕೂಲ ಈ ಘಟಕದಲ್ಲಿ ಇರಲಿಲ್ಲ. ಅಂಥ ಕಡೆ ಸಕ್ಕರೆ ನೀರಿನ ಮೇಲೆ ಮಲಗಿರುವ ಮಗು ದಿನದಿನವೂ ತನ್ನ ಮೈಯ ಪ್ರೋಟೀನನ್ನೇ ಕರಗಿಸಿಕೊಂಡು ಬದುಕುತ್ತಿರುತ್ತದೆ. ಹಾಗಾಗಿ ಹಾಲು ಎಂದು ಶುರುವಾಗುತ್ತದೆ, ಎಷ್ಟು ಬೇಗ ಪೂರ್ತಿಯಾಗುತ್ತದೆ ಎಂಬುದು ದೊಡ್ಡ ಆಸ್ಪತ್ರೆಗಿಂತ ಇಲ್ಲೇ ಹೆಚ್ಚು ಮುಖ್ಯ.

"ಉಸಿರಾಟ ಒಂದು ಹದಕ್ಕೆ ಬರಲಿ, ಆಮೇಲೆ ಹಾಲು" ಎನ್ನುವ ಹಳೆಯ ರೂಢಿ ಇನ್ನೂ ಹೋಗಿಲ್ಲ. ಇದರಿಂದ ಆಗುವ ನಷ್ಟ ಕಣ್ಣಿಗೆ ಕಾಣುವುದಿಲ್ಲ. ಹಾಲು ತಾಗದ ಕರುಳಿನ ಒಳಪದರ ಕೆಲವೇ ದಿನಗಳಲ್ಲಿ ಸೊರಗುತ್ತದೆ, ಜೀರ್ಣರಸಗಳು ಇಳಿಯುತ್ತವೆ, ಕರುಳಿನ ಚಲನೆ ಮಂದವಾಗುತ್ತದೆ. ಆಮೇಲೆ ಹಾಲು ಕೊಟ್ಟಾಗ ಹೊಟ್ಟೆ ಉಬ್ಬಿದರೆ "ನೋಡಿ, ಈ ಮಗುವಿಗೆ ಹಾಲು ಒಗ್ಗುತ್ತಿಲ್ಲ" ಎಂದುಬಿಡುತ್ತೇವೆ. 1,500 ಗ್ರಾಂ ಒಳಗಿನ ಮಕ್ಕಳಿಗೆ ಮೊದಲ ದಿನದಿಂದಲೇ ಕೆಜಿಗೆ 10 ಮಿ.ಲೀ. ಹಾಲು, ಸಾಧ್ಯವಾದಷ್ಟೂ ತಾಯಿಯದ್ದೇ ಕೊಡಿ, ಉಳಿದದ್ದನ್ನು ಡ್ರಿಪ್‌ನಲ್ಲಿ ತುಂಬಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಹೇಳಿದೆ. ಸಿಪ್ಯಾಪ್ ಇದೆ ಎಂಬುದು ಹಾಲು ತಡೆಯಲು ಕಾರಣವಲ್ಲ. ಇಳಿದ ರಕ್ತದೊತ್ತಡ ಏರಿಸಲು ಔಷಧಿ ಓಡುತ್ತಿದ್ದರೆ, ಕರುಳು ಕಟ್ಟಿದ ಲಕ್ಷಣವಿದ್ದರೆ, ಹಸಿರು ವಾಂತಿಯಾಗಿದ್ದರೆ ತಡೆಯಬೇಕು. ಈ ಮಗುವಿಗೆ ಅವು ಯಾವುವೂ ಇರಲಿಲ್ಲ.

ಲೆಕ್ಕ ಸುಲಭ: 2 ಗಂಟೆಗೊಮ್ಮೆ 1 ಮಿ.ಲೀ., ದಿನಕ್ಕೆ 12 ಸಲ. ಆದರೆ ಹಾಲೆಲ್ಲಿ? ತಾಯಿ 40 ಕಿ.ಮೀ. ಆಚೆಗಿದ್ದಾಳೆ.

ಇದು ಮೊದಲ ತೊಡಕು. ಘಟಕದ ಸಿಸ್ಟರ್ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಫೋನ್ ಮಾಡಿದರು. ಅಲ್ಲಿನ ನರ್ಸ್ ತಾಯಿಗೆ ಮಲಗಿದಲ್ಲೇ ಕೈಯಿಂದ ಹಾಲು ಹಿಂಡಿಸಿದರು. ಮೊದಲ ಸಲ ಬಂದದ್ದು 0.6 ಮಿ.ಲೀ. ಇಷ್ಟು ಕಡಿಮೆ ಹಾಲನ್ನು ಬಟ್ಟಲಿಗೆ ಹಿಂಡಿದರೆ ಅರ್ಧ ಬಟ್ಟಲಿಗೇ ಅಂಟಿಕೊಂಡು ಹೋಗುತ್ತದೆ. ಮೊಲೆತೊಟ್ಟಿನ ಮೇಲೆ ಕಾಣುವ ಹನಿಯನ್ನು ಸೂಜಿಯಿಲ್ಲದ 2 ಮಿ.ಲೀ. ಸಿರಿಂಜಿನಿಂದ ಅಲ್ಲೇ ಎಳೆದುಕೊಳ್ಳಬೇಕು. ಸಿರಿಂಜಿನ ಬಾಯಿ ಮುಚ್ಚಿ, ತಾಯಿಯ ಹೆಸರು ಮತ್ತು ಹಿಂಡಿದ ಗಂಟೆ ಬರೆದ ಪಟ್ಟಿ ಅಂಟಿಸಿ, ಲಸಿಕೆ ಒಯ್ಯುವ ಡಬ್ಬಿಯಲ್ಲಿಟ್ಟು ಮಗುವಿನ ಅಪ್ಪನ ಕೈಲಿ ಬಸ್ಸಿಗೆ ಕಳಿಸಿದರು. ಹಿಂಡಿದ ಹಾಲು ಕೋಣೆಯ ಶಾಖದಲ್ಲೇ 4 ಗಂಟೆ ಕೆಡುವುದಿಲ್ಲ. ತಂಪಿನ ಡಬ್ಬಿಯಲ್ಲಿಟ್ಟರೆ ಬಸ್ಸು ತಡವಾದರೂ ಗಾಬರಿಯಿಲ್ಲ.

0.6 ಮಿ.ಲೀ. ಹಾಲನ್ನು ಹೊಟ್ಟೆಗೆ ಇಳಿಸುವ ಪೈಪಿಗೆ ಹಾಕಲಿಲ್ಲ, ಅದಕ್ಕೆ ಕಾರಣವಿದೆ. 5 ಫ್ರೆಂಚ್ ಅಳತೆಯ, ಅರ್ಧ ಮೀಟರ್ ಉದ್ದದ ಹಾಲಿನ ಪೈಪಿನೊಳಗೇ ಸುಮಾರು 0.4 ಮಿ.ಲೀ. ನಿಂತುಬಿಡುತ್ತದೆ. ಹೊಟ್ಟೆಗೆ ಮುಟ್ಟುವುದು ಇನ್ನುಳಿದ ಕೆಲವೇ ಹನಿ. ಬದಲಿಗೆ 3 ಗಂಟೆಗೊಮ್ಮೆ 0.2 ಮಿ.ಲೀ.ನಂತೆ ಮೂರು ಸಲ, ಎಡಗೆನ್ನೆಯ ಒಳಗೆ 0.1, ಬಲಗೆನ್ನೆಯ ಒಳಗೆ 0.1, ಸಿರಿಂಜಿನಿಂದ ನಿಧಾನವಾಗಿ ಸವರಿದರು. ಈ ಗಿಣ್ಣುಹಾಲಿನಲ್ಲಿರುವ ರೋಗ ತಡೆಯುವ ಅಂಶಗಳು ಬಾಯಿಯ ಒಳಪದರಕ್ಕೆ ತಾಗಿದರೂ ಕೆಲಸ ಮಾಡುತ್ತವೆ. ಮಧ್ಯಾಹ್ನದ ಬಸ್ಸಿಗೆ 1.8 ಮಿ.ಲೀ. ಬಂತು. ಹುಟ್ಟಿದ 14ನೇ ಗಂಟೆಗೆ ಪೈಪಿನಲ್ಲಿ ಮೊದಲ ಹಾಲು ಹೋಯಿತು. ಮೊದಲ ದಿನ 12 ಸಲವೂ ಕೊಡಲು ಆಗಲಿಲ್ಲ, ಇದ್ದಷ್ಟು ಕೊಟ್ಟರು. ಡ್ರಿಪ್ ಪೂರ್ತಿ ಓಡುತ್ತಿದ್ದುದರಿಂದ ಅದರಿಂದ ತೊಂದರೆಯಾಗಲಿಲ್ಲ.

ಪೈಪು ಹಾಕುವ ಬಗೆ

ಸಿಪ್ಯಾಪ್ ಮೂಗಿನಲ್ಲಿರುವುದರಿಂದ ಪೈಪು ಬಾಯಿಯಿಂದಲೇ. ಬಾಯಿಯ ಮೂಲೆಯಿಂದ ಕಿವಿಯ ಹಾಲೆ, ಅಲ್ಲಿಂದ ಎದೆಮೂಳೆಯ ತುದಿ ಮತ್ತು ಹೊಕ್ಕುಳಿನ ನಡುವಿನ ಬಿಂದು, ಇಷ್ಟುದ್ದ ಅಳೆಯಬೇಕು. ಎದೆಮೂಳೆಯ ತುದಿಗೇ ನಿಲ್ಲಿಸಿ ಅಳೆದರೆ ಪೈಪಿನ ಪಕ್ಕದ ತೂತುಗಳು ಅನ್ನನಾಳದಲ್ಲೇ ಉಳಿದು ಹಾಲು ಮೇಲೆ ಬರುತ್ತದೆ. ಈ ಮಗುವಿಗೆ 16 ಸೆಂ.ಮೀ. ಬಂತು. ತುಟಿಯ ಬಳಿ ಎಷ್ಟನೇ ಗೆರೆ ಇದೆ ಎಂದು ಚಾರ್ಟಿನಲ್ಲಿ ಬರೆದು, ಪ್ರತಿ ಸಲ ಹಾಲಿಗೆ ಮುಂಚೆ ಆ ಗೆರೆ ಅಲ್ಲೇ ಇದೆಯೇ ನೋಡಬೇಕು. ಅಂಟಿನ ಪಟ್ಟಿ ಜೊಲ್ಲಿಗೆ ನೆನೆದು 2 ಸೆಂ.ಮೀ. ಜಾರಿದರೂ ಅಪಾಯ. ಹೊಸದಾಗಿ ಹಾಕಿದಾಗ ಸ್ವಲ್ಪ ರಸ ಎಳೆದು ಪಿಎಚ್ ಪಟ್ಟಿಯಲ್ಲಿ ನೋಡಿ, 5.5 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಜಠರದಲ್ಲಿದೆ ಎಂದು ನಂಬಬಹುದು. ಗಾಳಿ ಬಿಟ್ಟು ಸ್ಟೆತಾಸ್ಕೋಪಿನಲ್ಲಿ ಕೇಳುವುದನ್ನಷ್ಟೇ ನೆಚ್ಚಿಕೊಳ್ಳಬಾರದು. ಇಷ್ಟು ಪುಟ್ಟ ಎದೆಯಲ್ಲಿ ಅನ್ನನಾಳದ ಸದ್ದೂ ಜಠರದ ಸದ್ದೂ ಒಂದೇ ಥರ ಕೇಳಿಸುತ್ತವೆ.

ಹಾಲು ಕೊಡುವಾಗ ಸಿರಿಂಜಿನ ದಂಡ ತೆಗೆದು, ಕೊಳವೆಯನ್ನಷ್ಟೇ ಪೈಪಿಗೆ ಸಿಕ್ಕಿಸಿ, ಮಗುವಿನ ಹೊಟ್ಟೆಯ ಮಟ್ಟದಿಂದ 5 ರಿಂದ 10 ಸೆಂ.ಮೀ. ಎತ್ತರದಲ್ಲಿ ಹಿಡಿದರೆ ಹಾಲು ತಾನಾಗಿ ಇಳಿಯುತ್ತದೆ. ಗಿಣ್ಣುಹಾಲು ಮಂದ, ಸಣ್ಣ ಪೈಪಿನಲ್ಲಿ ಕಚ್ಚಿಕೊಳ್ಳುತ್ತದೆ. ಆಗ ದಂಡವನ್ನು ಒಂದು ಸಲ ಮೆಲ್ಲಗೆ ತಾಗಿಸಿ ಇಳಿಯಲು ಶುರುವಾದ ಮೇಲೆ ತೆಗೆಯಬೇಕು, ಒತ್ತುತ್ತಾ ಹೋಗಬಾರದು. ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್ ಕೈಗೆ ಆರೇಳು ಮಕ್ಕಳಿದ್ದಾಗ ಒತ್ತಿಬಿಡುವ ಆಸೆ ಸಹಜ, ಅದು ನಮಗೂ ಗೊತ್ತು. ಆದರೆ 10 ನಿಮಿಷಕ್ಕೆ ಇಳಿಯಬೇಕಾದ ಹಾಲು ಅರ್ಧ ನಿಮಿಷಕ್ಕೆ ಹೋದರೆ ಜಠರ ಹಿಗ್ಗಿ, ಉಸಿರು ನಿಂತು, ಎದೆಬಡಿತ ಇಳಿಯುವುದನ್ನು ಮಾನಿಟರ್ ಕೂಡಲೇ ತೋರಿಸುತ್ತದೆ.

ತಾಯಿ ಬಂದ ಮೇಲೆ

26ನೇ ಗಂಟೆಗೆ ತಾಯಿ ಬಂದಳು. ಜೊತೆಗಿದ್ದ ಹಿರಿಯರೊಬ್ಬರು ದಾರಿಯಲ್ಲೇ ಹೇಳಿದ್ದರು: "ಮೊದಲ ಹಾಲು ಹಳದಿ ಹಳದಿ ಇರುತ್ತೆ, ಮಗೂಗೆ ಆಗಲ್ಲ, ಹಿಂಡಿ ಚೆಲ್ಲಮ್ಮ." ಬಯ್ಯುವುದರಿಂದ ಇದು ಹೋಗುವುದಿಲ್ಲ. ಸಿಸ್ಟರ್ ಕೇಳಿದ್ದು ಒಂದೇ ಮಾತು: "ಅಜ್ಜೀ, ಮನೇಲಿ ಹಸು ಈದಾಗ ಗಿಣ್ಣು ಚೆಲ್ತೀರಾ? ಅಕ್ಕಪಕ್ಕದೋರಿಗೂ ಹಂಚಿ ತಿನ್ನಲ್ವಾ? ಇದು ನಿಮ್ಮ ಮೊಮ್ಮಗಳ ಗಿಣ್ಣು." ಆ ಮೇಲೆ ಚೆಲ್ಲುವ ಮಾತು ಬರಲಿಲ್ಲ.

ಹಿಂಡುವ ಕ್ರಮವನ್ನು ತಾಯಿಗೆ ಅವಳ ಕೈಯಲ್ಲೇ ಮಾಡಿಸಿ ತೋರಿಸಬೇಕು. ಕೈ ತೊಳೆದು, ಬಿಸಿನೀರಿನ ಬಟ್ಟೆ ಒತ್ತಿ, ಬೆರಳ ಹಿಂಬದಿಯಿಂದ ಎದೆಯನ್ನು ಮೇಲಿನಿಂದ ಕೆಳಕ್ಕೆ ಸವರಿ, ಹೆಬ್ಬೆರಳು ಮತ್ತು ತೋರುಬೆರಳನ್ನು ತೊಟ್ಟಿನಿಂದ ಸುಮಾರು 3 ಸೆಂ.ಮೀ. ಹಿಂದಕ್ಕೆ, ಎದುರುಬದುರಾಗಿ ಇಡಬೇಕು. ಮೊದಲು ಎದೆಗೂಡಿನ ಕಡೆಗೆ ಒತ್ತು, ಆಮೇಲೆ ಬೆರಳು ಕೂಡಿಸು, ಬಿಡು. ಚರ್ಮದ ಮೇಲೆ ಬೆರಳು ಜಾರಬಾರದು. ತೊಟ್ಟನ್ನೇ ಹಿಡಿದು ಎಳೆದರೆ ನೋವು ಬರುತ್ತದೆಯೇ ಹೊರತು ಹಾಲು ಬರುವುದಿಲ್ಲ. ಎರಡೂ ಕಡೆ ಸೇರಿ 15–20 ನಿಮಿಷ, ದಿನಕ್ಕೆ ಕನಿಷ್ಠ 8 ಸಲ.

2ನೇ ದಿನದಿಂದ ಹಾಲಿನ ಚಾರ್ಟ್ ಹೀಗೆ ಸಾಗಿತು. ಕೆಜಿ ಲೆಕ್ಕಕ್ಕೆ ಹುಟ್ಟಿದಾಗಿನ ತೂಕವನ್ನೇ ಹಿಡಿಯಲಾಗಿದೆ. ತೂಕ ಮರಳಿ ಬರುವವರೆಗೆ ಹಾಗೇ ಮಾಡಬೇಕು, ಇಳಿದ ತೂಕ ಹಿಡಿದರೆ ಹಾಲೂ ಇಳಿಯುತ್ತದೆ.

2ನೇ ದಿನ: 2 ಮಿ.ಲೀ., 12 ಸಲ. ಕೆಜಿಗೆ 19.
3ನೇ ದಿನ: 4 ಮಿ.ಲೀ., 12 ಸಲ. ಕೆಜಿಗೆ 39.
4ನೇ ದಿನ: 6 ಮಿ.ಲೀ., ಒಂದು ಸಲ ತಪ್ಪಿ 11 ಸಲ.
5ನೇ ದಿನ: 6 ಮಿ.ಲೀ., 12 ಸಲ. ಕೆಜಿಗೆ 58.
6ನೇ ದಿನ: 9 ಮಿ.ಲೀ., 12 ಸಲ. ಕೆಜಿಗೆ 87.
7ನೇ ದಿನ: 9 ಮಿ.ಲೀ., ಏರಿಸಲಿಲ್ಲ.
8ನೇ ದಿನ: 12 ಮಿ.ಲೀ., 12 ಸಲ. ಕೆಜಿಗೆ 116. ಡ್ರಿಪ್ ನಿಂತಿತು.
9ನೇ ದಿನ: 14 ಮಿ.ಲೀ., 12 ಸಲ. ಕೆಜಿಗೆ 135.
10ನೇ ದಿನ: 16 ಮಿ.ಲೀ., 12 ಸಲ. ಕೆಜಿಗೆ 155. ಪೂರ್ತಿ ಹಾಲು.

ದಿನಕ್ಕೆ ಕೆಜಿಗೆ 30 ಮಿ.ಲೀ.ವರೆಗೆ ಏರಿಸುವುದು ಸುರಕ್ಷಿತ. 18 ಮತ್ತು 30 ಮಿ.ಲೀ. ಏರಿಕೆಗಳನ್ನು ಹೋಲಿಸಿ 2019ರಲ್ಲಿ ಪ್ರಕಟವಾದ ಸಿಫ್ಟ್ ಎಂಬ ದೊಡ್ಡ ಪ್ರಯೋಗದಲ್ಲಿ, ಎರಡು ವರ್ಷದ ಹೊತ್ತಿಗೆ ಮಿದುಳಿನ ಬೆಳವಣಿಗೆಯ ಮಧ್ಯಮ ಅಥವಾ ತೀವ್ರ ತೊಂದರೆಯಿಲ್ಲದೆ ಬದುಕುಳಿದ ಮಕ್ಕಳ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹಾಗಿದ್ದ ಮೇಲೆ ಅಮೈನೋ ಆಮ್ಲದ ಡ್ರಿಪ್ ಇಲ್ಲದ ಕಡೆ ನಿಧಾನಿಸುವುದರಿಂದ ಸಿಗುವುದೇನು? ಸೂಜಿ ಇನ್ನೂ ಕೆಲವು ದಿನ ರಕ್ತನಾಳದಲ್ಲಿ ಕೂತಿರುತ್ತದೆ, ಸೋಂಕಿಗೆ ಬಾಗಿಲು ತೆರೆದಿರುತ್ತದೆ.

4ನೇ ದಿನ: ಉಬ್ಬಿದ ಹೊಟ್ಟೆ

ಬೆಳಿಗ್ಗೆ 10ರ ಹಾಲಿಗೆ ಮುಂಚೆ ಹೊಟ್ಟೆಯ ಸುತ್ತಳತೆ 22ರಿಂದ 24 ಸೆಂ.ಮೀ.ಗೆ ಏರಿತ್ತು. ಪೈಪಿನಿಂದ ಎಳೆದಾಗ 3 ಮಿ.ಲೀ. ಹಾಲು ಬಂತು, ಅಂದರೆ ಹಿಂದಿನ ಸಲ ಕೊಟ್ಟದ್ದರ ಅರ್ಧ. ಡ್ಯೂಟಿ ವೈದ್ಯರು "24 ಗಂಟೆ ಬಾಯಿಗೆ ಏನೂ ಬೇಡ" ಎಂದು ಬರೆದರು. ತಪ್ಪು ತಿಳಿಯಬೇಡಿ, ಅವರ ಭಯಕ್ಕೆ ಆಧಾರವಿತ್ತು. ಎನ್‌ಇಸಿ ಎಂದು ಘಟಕಗಳಲ್ಲಿ ಕರೆಯುವ, ಕರುಳಿನ ಗೋಡೆ ಉರಿಯೂತದಿಂದ ಸಾಯುತ್ತಾ ಹೋಗುವ ಕಾಯಿಲೆ ಈ ತೂಕದ ಮಕ್ಕಳನ್ನೇ ಹಿಡಿಯುವುದು, ಹಿಡಿದರೆ ಗಂಟೆಗಳಲ್ಲಿ ಕೈಮೀರುವುದು.

ಹಿರಿಯ ವೈದ್ಯರು ಬಂದು ಮೊದಲು ಮಗುವನ್ನು ನೋಡಿದರು, ಸಿರಿಂಜನ್ನಲ್ಲ. ಮಗು ಕೈಕಾಲು ಆಡಿಸುತ್ತಿತ್ತು, ಬಣ್ಣ ಚೆನ್ನಾಗಿತ್ತು, ಉಸಿರು ನಿಲ್ಲುವುದು ಹೆಚ್ಚಿರಲಿಲ್ಲ. ಹೊಟ್ಟೆ ಉಬ್ಬಿದ್ದರೂ ಮೆತ್ತಗಿತ್ತು, ಮುಟ್ಟಿದರೆ ಅಳಲಿಲ್ಲ, ಹೊಟ್ಟೆಯ ಚರ್ಮ ಕೆಂಪೇರಿರಲಿಲ್ಲ. ಬೆಳಗಿನ ಜಾವ ಕಪ್ಪು ಮಲದ ಜೊತೆ ಹಳದಿ ಬೆರೆತು ಹೋಗಿತ್ತು, ರಕ್ತವಿರಲಿಲ್ಲ. ಪೈಪಿನಲ್ಲಿ ಬಂದದ್ದು ಬಿಳಿ ಹಾಲು, ಹಸಿರಲ್ಲ. ಎಕ್ಸ್‌ರೇಯಲ್ಲಿ ಕರುಳಿನ ತುಂಬ ಗಾಳಿ, ಆದರೆ ಎಲ್ಲ ಕಡೆ ಸಮನಾಗಿ. ಕರುಳಿನ ಗೋಡೆಯೊಳಗೆ ಗಾಳಿಗುಳ್ಳೆಗಳಿಲ್ಲ, ಕರುಳಿನ ಹೊರಗೆ ಗಾಳಿಯಿಲ್ಲ. ಪ್ಲೇಟ್‌ಲೆಟ್, ಉರಿಯೂತ ತೋರಿಸುವ ಸಿಆರ್‌ಪಿ ಎರಡೂ ಸರಿಯಾಗಿದ್ದವು.

ಕಾರಣ ಹಾಸಿಗೆಯ ಬಳಿಯೇ ಇತ್ತು. ಹಿಂದಿನ ಸಂಜೆ ಸಿಪ್ಯಾಪ್ ಒತ್ತಡವನ್ನು 6ಕ್ಕೆ ಏರಿಸಿದ್ದರು. ಹಾಲು ಕೊಟ್ಟ ಮೇಲೆ ಪೈಪಿನ ಮುಚ್ಚಳ ಹಾಕಿದ್ದನ್ನು ರಾತ್ರಿಯಿಡೀ ಯಾರೂ ತೆಗೆದಿರಲಿಲ್ಲ. ಸಿಪ್ಯಾಪ್ ಮೂಗಿಗೆ ತಳ್ಳುವ ಗಾಳಿಯಲ್ಲಿ ಒಂದಷ್ಟು ಅನ್ನನಾಳಕ್ಕೂ ಇಳಿಯುತ್ತದೆ. ಹೊರದಾರಿ ಮುಚ್ಚಿದ್ದರೆ ಅದು ಹೋಗುವುದೆಲ್ಲಿಗೆ? ಸಿಪ್ಯಾಪ್ ಮೇಲಿರುವ ಮಗುವಿಗೆ ಹಾಲು ಇಳಿದ ಮೇಲೆ ಅರ್ಧ ಗಂಟೆ ಪೈಪು ಮುಚ್ಚಿ, ನಂತರ ಮುಂದಿನ ಹಾಲಿನವರೆಗೆ ತೆರೆದಿಟ್ಟು, ತುದಿಗೆ ಖಾಲಿ ಸಿರಿಂಜ್ ಸಿಕ್ಕಿಸಿ ಹೊಟ್ಟೆಗಿಂತ ಎತ್ತರದಲ್ಲಿ ನಿಲ್ಲಿಸಬೇಕು.

ಪೈಪು ತೆರೆದ ಕೂಡಲೇ ಗಾಳಿ ಹೊರಬಂತು. ಎಳೆದ 3 ಮಿ.ಲೀ. ಹಾಲನ್ನು ವಾಪಸ್ ಹಾಕಿದರು, ಅದರಲ್ಲಿ ಜಠರದ ಆಮ್ಲವೂ ಲವಣವೂ ಇರುತ್ತವೆ, ಚೆಲ್ಲುವಂಥದ್ದಲ್ಲ. 10 ಗಂಟೆಯ ಹಾಲು ಮಾತ್ರ ಬಿಟ್ಟು, 12ಕ್ಕೆ 6 ಮಿ.ಲೀ.ನ್ನೇ ಅರ್ಧ ಗಂಟೆ ಹಿಡಿದು ನಿಧಾನವಾಗಿ ಕೊಟ್ಟರು. ಮಾನಿಟರ್ ಹಾಕಿ ಬೋರಲು ಮಲಗಿಸಿದರು. ಸಂಜೆಗೆ ಸುತ್ತಳತೆ 22.5. ಮರುದಿನ ಅದೇ ಪ್ರಮಾಣದಲ್ಲಿ ನಿಲ್ಲಿಸಿ, 6ನೇ ದಿನ ಏರಿಸಿದರು. 5ನೇ ದಿನ ಸಂಜೆ ಸಿಪ್ಯಾಪ್ ತೆಗೆದರು.

24 ಗಂಟೆ ನಿಲ್ಲಿಸಿದ್ದರೆ ಕೆಜಿಗೆ ಸುಮಾರು 39 ಕ್ಯಾಲೊರಿ ಹೋಗುತ್ತಿತ್ತು. ಆಮೇಲೆ ರೂಢಿಯಂತೆ ಮತ್ತೆ 1 ಮಿ.ಲೀ.ನಿಂದ ಶುರು. ಒಟ್ಟಿನಲ್ಲಿ ನಾಲ್ಕೈದು ದಿನದ ಹಿನ್ನಡೆ. ಇನ್ನೊಂದು ಮಾತು: ಪ್ರತಿ ಹಾಲಿಗೂ ಮುಂಚೆ ಪೈಪು ಎಳೆದು ನೋಡುವ ಅಭ್ಯಾಸವೇ ಬೇಕಿಲ್ಲ. ಮೊದಲ ವಾರಗಳಲ್ಲಿ ಜಠರ ನಿಧಾನವಾಗಿ ಖಾಲಿಯಾಗುವುದು ಸಹಜ, ಬಿಳಿ ಹಾಲು ಸ್ವಲ್ಪ ಉಳಿದಿರುವುದು ರೋಗವಲ್ಲ. ಹೊಟ್ಟೆ ಉಬ್ಬಿದರೆ, ವಾಂತಿಯಾದರೆ, ಮಗು ಮಂಕಾದರೆ ಆಗ ನೋಡಿ. ಕಡು ಹಸಿರು ಬಂದರೆ, ಮಲದಲ್ಲಿ ರಕ್ತ ಕಂಡರೆ, ಹೊಟ್ಟೆ ಬಿಗಿಯಾಗಿ ಹೊಳೆಯುತ್ತಿದ್ದರೆ, ಉಸಿರು ಪದೇ ಪದೇ ನಿಲ್ಲುತ್ತಿದ್ದರೆ ಚರ್ಚೆ ಬೇಡ: ಹಾಲು ನಿಲ್ಲಿಸಿ, ಪೈಪು ತೆರೆದಿಡಿ, ಎಕ್ಸ್‌ರೇ, ರಕ್ತದ ಕಲ್ಚರ್, ಆ್ಯಂಟಿಬಯಾಟಿಕ್, ಜೊತೆಗೇ ಮಕ್ಕಳ ಶಸ್ತ್ರಚಿಕಿತ್ಸೆ ಇರುವ ಬೆಂಗಳೂರಿನ ಆಸ್ಪತ್ರೆಗೆ ಫೋನ್.

7ನೇ ದಿನ: ಹಾಲು ಸಾಲಲಿಲ್ಲ

6ನೇ ದಿನ ತಾಯಿಯ ಹಾಲು 104 ಮಿ.ಲೀ., 7ನೇ ದಿನ 106. ಫ್ರಿಜ್ಜಿನಲ್ಲಿ ಉಳಿದದ್ದು 14. ಅಂದು 12 ಮಿ.ಲೀ.ಗೆ ಏರಿಸಲು 144 ಬೇಕಿತ್ತು. ತಾಯಂದಿರ ಹಾಲಿನ ಪುಸ್ತಕ ತೆರೆದರೆ ಕಾರಣ ಎದುರಿಗೇ ಇತ್ತು: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಒಂದು ಸಲವೂ ಹಿಂಡಿಲ್ಲ. ದಿನಕ್ಕೆ ಐದು ಸಲ ಮಾತ್ರ. ಬಾಣಂತಿ ವಾರ್ಡಿನಿಂದ ಘಟಕಕ್ಕೆ ರಾತ್ರಿ ಒಬ್ಬಳೇ ನಡೆದು ಬರಲು ಅವಳಿಗೆ ಅಂಜಿಕೆ. ಜೊತೆಗೆ "ಬಾಣಂತಿ ನೀರು ಕುಡಿದರೆ ಹೊಟ್ಟೆ ದಪ್ಪ ಆಗುತ್ತೆ" ಎಂದು ದಿನಕ್ಕೆ ಎರಡೇ ಲೋಟ ನೀರು, ಊಟಕ್ಕೆ ಅನ್ನ, ಮೆಣಸಿನ ಸಾರು ಅಷ್ಟೇ.

ಏನು ಮಾಡಬೇಕಿತ್ತು? ತಾಯಿಯ ಹಾಲಿಲ್ಲದಿದ್ದರೆ ದಾನಿ ತಾಯಂದಿರ ಪಾಶ್ಚರೀಕರಿಸಿದ ಹಾಲು, ಅದೂ ಇಲ್ಲದಿದ್ದರೆ ಅವಧಿಪೂರ್ವ ಶಿಶುಗಳ ಪುಡಿಹಾಲು, ಇದು ಕ್ರಮ. ಹಾಲಿನ ಬ್ಯಾಂಕು ಈ ಘಟಕದ ಕೈಗೆಟುಕುವಂತಿರಲಿಲ್ಲ, ದೂರ ಬೆಂಗಳೂರು. ಪುಡಿಹಾಲು ಎನ್‌ಇಸಿ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದು ಖಚಿತ. ಇತ್ತ ಡ್ರಿಪ್ ಒಂದು ದಿನ ಹೆಚ್ಚು ಓಡಿಸಿದರೂ ಸೋಂಕಿನ ಅಪಾಯವಿದೆ. ಘಟಕ ಒಂದು ದಿನ ಕಾಯಲು ನಿರ್ಧರಿಸಿತು: ಹಾಲು 9 ಮಿ.ಲೀ.ಗೇ ನಿಲ್ಲಿಸಿ, ಒಟ್ಟು ದ್ರವ ಕೆಜಿಗೆ 150 ಆಗುವಂತೆ ಡ್ರಿಪ್ ಗಂಟೆಗೆ 3.2 ಮಿ.ಲೀ. ಇದು ಸರಿಯಾದ ನಿರ್ಧಾರ ಎಂದೇ ನಮ್ಮ ಅನಿಸಿಕೆ, ಒಂದು ದಿನದ ಮಟ್ಟಿಗೆ. ಎರಡನೇ ದಿನವೂ ಕೊರತೆಯಿದ್ದಿದ್ದರೆ ಕೊರತೆಯಷ್ಟಕ್ಕೆ ಮಾತ್ರ ಪುಡಿಹಾಲು ಕೊಡಬೇಕಾಗುತ್ತಿತ್ತು, ಮಗುವನ್ನು ಹಸಿದಿಡುವ ಹಾಗಿಲ್ಲ.

ಅಂದು ಸಂಜೆಯೇ ತಾಯಿಯ ಮಂಚವನ್ನು ಘಟಕದ ಪಕ್ಕದ ಕಾಂಗರೂ ಕೋಣೆಗೆ (ತಾಯಂದಿರು ಮಗುವನ್ನು ಎದೆಗೆ ತಾಗಿಸಿ ಇಟ್ಟುಕೊಳ್ಳುವ ಕೋಣೆ) ಬದಲಿಸಿದರು. ರಾತ್ರಿ 11, 2, 5ಕ್ಕೆ ಪಾಳಿಯ ಸಿಸ್ಟರ್ ಎಬ್ಬಿಸುವುದೆಂದಾಯಿತು. "ರಾತ್ರಿ ಎರಡು ಗಂಟೆ ಹಾಲೇ ಜಾಸ್ತಿ ಬರೋದು ಕಣಮ್ಮ, ನಿದ್ದೆ ಬೇಕಾದ್ರೆ ಹಗಲು ಮಾಡು" ಎಂದು ಅವರು ಹೇಳಿದ್ದು ಉಪಚಾರದ ಮಾತಲ್ಲ. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ರಾತ್ರಿಯೇ ಹೆಚ್ಚಿರುತ್ತದೆ. ಎದೆ ತುಂಬಿ ಬಿಗಿದು ಗಂಟೆಗಟ್ಟಲೆ ನಿಂತರೆ ಮೈ "ಇಷ್ಟು ಸಾಕು" ಎಂದು ತಿಳಿದು ತಯಾರಿಕೆ ಕಡಿಮೆ ಮಾಡುತ್ತದೆ. ಹಿಂಡುವ ಮುಂಚೆ ಮಗುವನ್ನು ಎದೆಗೆ ಎದೆ ತಾಗುವಂತೆ ಒಂದು ಗಂಟೆ ಇಟ್ಟುಕೊಳ್ಳುವಂತೆಯೂ ಹೇಳಿದರು. ಊಟಕ್ಕೆ ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ ಸೇರಿತು. ಬಾಯಾರಿದಾಗಲೆಲ್ಲ ಬಿಸಿನೀರು. 8ನೇ ದಿನ 148 ಮಿ.ಲೀ. ಬಂತು. 14ನೇ ದಿನಕ್ಕೆ 380.

ಶಕ್ತಿಪುಡಿಯ ಪೊಟ್ಟಣ

ಹಾಲು ಕೆಜಿಗೆ 100 ಮಿ.ಲೀ. ದಾಟಿದ 8ನೇ ದಿನ ಎದೆಹಾಲಿಗೆ ಬೆರೆಸುವ ಫೋರ್ಟಿಫೈಯರ್ (ಪ್ರೋಟೀನ್, ಸುಣ್ಣ, ರಂಜಕ ಹೆಚ್ಚಿಸುವ ಶಕ್ತಿಪುಡಿ) ಆರಂಭಿಸಿದರು. ಎದೆಹಾಲಿಗೆ ಎಣೆಯಿಲ್ಲ ಎನ್ನುವುದು ನಿಜ. ಆದರೆ ಈ ಮಗು ಇನ್ನೂ ಹತ್ತು ವಾರ ಗರ್ಭದಲ್ಲಿರಬೇಕಿತ್ತು, ಸುಣ್ಣ ಮತ್ತು ರಂಜಕ ಹೆಚ್ಚಾಗಿ ಮೂಳೆ ಸೇರುವುದು ಆ ವಾರಗಳಲ್ಲೇ. ದಿನಕ್ಕೆ ಕೆಜಿಗೆ 3.5ರಿಂದ 4.5 ಗ್ರಾಂ ಪ್ರೋಟೀನ್ ಬೇಕು. 100 ಮಿ.ಲೀ.ಗೆ 1ರಿಂದ 1.5 ಗ್ರಾಂ ಪ್ರೋಟೀನ್ ಇರುವ ಹಾಲಿನಿಂದ, 155 ಮಿ.ಲೀ. ಕುಡಿದರೂ ಅಷ್ಟು ಬರುವುದಿಲ್ಲ.

ಘಟಕದಲ್ಲಿ ಬಳಸುತ್ತಿದ್ದ ಪೊಟ್ಟಣ 1 ಗ್ರಾಂನದ್ದು, 25 ಮಿ.ಲೀ. ಹಾಲಿಗೆ ಒಂದು. ಒಂದು ಸಲದ ಹಾಲು 16 ಮಿ.ಲೀ. ಆದ್ದರಿಂದ ಅದಕ್ಕೆ ಪೊಟ್ಟಣ ಒಡೆದು ಕಣ್ಣಂದಾಜಿನಲ್ಲಿ ಹಾಕಲೇಬಾರದು. 50 ಮಿ.ಲೀ. ಹಾಲಿಗೆ ಎರಡು ಪೊಟ್ಟಣ ಬೆರೆಸಿದರೆ ಮೂರು ಸಲಕ್ಕಾಗುತ್ತದೆ. ಫ್ರಿಜ್ಜಿನಲ್ಲಿಟ್ಟು ಆ 6 ಗಂಟೆಯೊಳಗೆ ಮುಗಿಸಬೇಕು. ಬಿಸಿ ಮಾಡಲು ಬಟ್ಟಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸುವುದು, ಒಲೆಯೂ ಬೇಡ, ಮೈಕ್ರೋವೇವೂ ಬೇಡ. ಈ ಲೆಕ್ಕದಲ್ಲಿ ದಿನಕ್ಕೆ ಎಂಟು ಪೊಟ್ಟಣ.

ತೂಕ 5ನೇ ದಿನ 1,110ಕ್ಕೆ ಇಳಿದಿತ್ತು, 14ನೇ ದಿನ 1,250ಕ್ಕೆ ಬಂತು. ಅಲ್ಲಿಂದ ದಿನಕ್ಕೆ ಕೆಜಿಗೆ 15–20 ಗ್ರಾಂ ಏರಬೇಕಿತ್ತು. ಮೂರನೇ ವಾರದ ನಡುವೆ ಮೂರು ದಿನ ಬರೀ 8 ಗ್ರಾಂ. ಸೋಂಕು ಹುಡುಕಿದರು, ಸಿಗಲಿಲ್ಲ. ಹಿಮೋಗ್ಲೋಬಿನ್ ಸರಿ, ಮೈಶಾಖ ಸರಿ. ಕೊನೆಗೆ ಒಬ್ಬ ಸಿಸ್ಟರ್ ಖಾಲಿ ಪೊಟ್ಟಣಗಳನ್ನು ಎಣಿಸಿದರು: ದಿನಕ್ಕೆ ನಾಲ್ಕೇ. ಘಟಕದ ದಾಸ್ತಾನು ಮುಗಿದು ಹೊರಗಿನ ಮೆಡಿಕಲ್ ಸ್ಟೋರಿನಿಂದ ತರಿಸುತ್ತಿದ್ದರು. ಕೂಲಿ ಬಿಟ್ಟು ಆಸ್ಪತ್ರೆಯಲ್ಲಿ ಕೂತಿದ್ದ ಅಪ್ಪ ಒಂದು ದಿನದ್ದನ್ನು ಎರಡು ದಿನಕ್ಕೆ ಹೊಂದಿಸಿಕೊಂಡು ತಂದು ಕೊಡುತ್ತಿದ್ದ, ಕೇಳಲು ಸಂಕೋಚಪಟ್ಟಿದ್ದ. ಆತನದು ತಪ್ಪೆಂದು ಹೇಗೆ ಹೇಳುವುದು? ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ನವಜಾತ ಶಿಶುವಿಗೆ ಔಷಧಿ ಉಚಿತವಾಗಬೇಕು, ಹೊರಗಿನ ಚೀಟಿ ಬರೆದದ್ದೇ ತಪ್ಪು. ಸ್ಥಳೀಯ ಖರೀದಿಯಲ್ಲಿ ಪೊಟ್ಟಣ ತರಿಸಿದ ಮೇಲೆ ಏರಿಕೆ 17 ಗ್ರಾಂಗೆ ಮರಳಿತು. ವಿಟಮಿನ್ ಡಿ 400 ಯೂನಿಟ್ ಪೂರ್ತಿ ಹಾಲಿಗೆ ಬಂದ ದಿನದಿಂದ, ಕಬ್ಬಿಣದ ಹನಿ ಕೆಜಿಗೆ 2 ಮಿ.ಗ್ರಾಂ.ನಂತೆ ಎರಡು ವಾರ ತುಂಬಿದ ಮೇಲೆ ನಡೆಯುತ್ತಿತ್ತು.

ಪೈಪಿನಿಂದ ಒಳಲೆಗೆ, ಒಳಲೆಯಿಂದ ಎದೆಗೆ

ಚೀಪು, ನುಂಗು, ಉಸಿರಾಡು, ಈ ಮೂರೂ ಒಂದರ ಹಿಂದೊಂದು ಹೊಂದಿಕೊಂಡು ನಡೆಯಲು 34 ವಾರ ಬೇಕು. ನುಂಗುವುದು ಮಾತ್ರ ಅದಕ್ಕೂ ಮುಂಚೆ, 32ರ ಹೊತ್ತಿಗೆ ಒಂದು ಮಟ್ಟಕ್ಕೆ ಬರುತ್ತದೆ. ನಡುವಿನ ಎರಡು ವಾರಕ್ಕೆ ಒಳಲೆಯೇ (ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಬಟ್ಟಲು) ಸರಿಯಾದ ಸಾಧನ. ಬಾಟಲಿ ಬೇಡ. ಅದರ ರಬ್ಬರು ತೊಟ್ಟು ತೊಳೆಯಲು ಕಷ್ಟ, ಹಾಲಿನ ವೇಗ ಮಗುವಿನ ಹಿಡಿತಕ್ಕೆ ಸಿಗುವುದಿಲ್ಲ.

14ನೇ ದಿನ, ಅಂದರೆ 32 ವಾರಕ್ಕೆ, 12ರಲ್ಲಿ ಎರಡು ಸಲದ ಹಾಲನ್ನು ಒಳಲೆಯಲ್ಲಿ ಕೊಡಲು ಶುರು ಮಾಡಿದರು. 16ನೇ ದಿನ ಅಜ್ಜಿಯ ಕೈಲಿದ್ದಾಗ ಮಗುವಿಗೆ ನೆತ್ತಿಗೆ ಹತ್ತಿತು. ಆಮ್ಲಜನಕ 78ಕ್ಕೆ, ಎದೆಬಡಿತ 95ಕ್ಕೆ ಇಳಿಯಿತು. ಹಾಲು ನಿಲ್ಲಿಸಿ, ಪಕ್ಕಕ್ಕೆ ತಿರುಗಿಸಿ, ಬೆನ್ನು ಸವರಿದಾಗ ಅರ್ಧ ನಿಮಿಷದಲ್ಲಿ ಸುಧಾರಿಸಿತು. ಊರಿನಲ್ಲಿ ಒಳಲೆ ಹಾಕುವ ಬಗೆಯೇ ಬೇರೆ: ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಮೂತಿಯನ್ನು ನಾಲಿಗೆಯ ನಡುವಿಗಿಟ್ಟು ಸುರಿಯುವುದು. ತುಂಬು ತಿಂಗಳ ಮಗು ಹೇಗೋ ನುಂಗಿಕೊಳ್ಳುತ್ತದೆ, 1,300 ಗ್ರಾಂ ಮಗುವಿಗೆ ಆಗುವುದಿಲ್ಲ.

ಕ್ರಮ ಹೀಗೆ. ಮಗುವನ್ನು ಬಟ್ಟೆಯಲ್ಲಿ ಸುತ್ತಿ, ತಲೆ ಮೇಲಾಗಿ ಅರ್ಧ ಕೂರಿಸಿ, ಕತ್ತನ್ನು ಅಂಗೈಯಲ್ಲಿ ಆನಿಸಿಕೊಳ್ಳಿ. ಎಚ್ಚರವಿದ್ದರೆ, ಉಸಿರು ನಿಮಿಷಕ್ಕೆ 60ರೊಳಗಿದ್ದರೆ ಮಾತ್ರ ಶುರು ಮಾಡಿ. ಒಳಲೆಯನ್ನು ಅರ್ಧಕ್ಕೆ ತುಂಬಿ, ಮೂತಿಯನ್ನು ಕೆಳತುಟಿಯ ಮೇಲೆ, ಬಾಯಿಯ ಮೂಲೆಗೆ ಇಡಿ. ನಾಲ್ಕೈದು ಹನಿ ಬಾಗಿಸಿ, ನುಂಗಿದ್ದು ಗಂಟಲಿನಲ್ಲಿ ಕಾಣುವವರೆಗೆ ಕಾಯಿರಿ. ಮಗು ಹುಬ್ಬು ಗಂಟಿಕ್ಕಿದರೆ, ಬೆರಳು ಬಿಡಿಸಿ ಚಾಚಿದರೆ, ಬಾಯಂಚಿನಲ್ಲಿ ಹಾಲು ಸೋರಿದರೆ ಅದು ದಣಿದಿದೆ. 20 ನಿಮಿಷದಲ್ಲಿ ಮುಗಿಯದ ಹಾಲನ್ನು ಪೈಪಿನಲ್ಲಿ ಕೊಟ್ಟುಬಿಡಿ, ಅದು ಸೋಲಲ್ಲ. ದಣಿಸಿ ಕುಡಿಸಿದರೆ ಕುಡಿದದ್ದರ ಶಕ್ತಿಯೆಲ್ಲ ಕುಡಿಯುವುದಕ್ಕೇ ಖರ್ಚಾಗುತ್ತದೆ.

ಅಜ್ಜಿಯನ್ನು ದೂರ ಇಡಲಿಲ್ಲ. ಮನೆಯಲ್ಲಿ ಹಾಲು ಹಾಕುವವರು ಅವರೇ, ಹಾಗಾಗಿ ಮೂರು ದಿನ ಸಿಸ್ಟರ್ ಎದುರಿಗೇ ಅವರಿಂದಲೇ ಹಾಕಿಸಿದರು.

22ನೇ ದಿನಕ್ಕೆ ಎಲ್ಲ ಹಾಲೂ ಒಳಲೆಯಲ್ಲಿ, 3 ಗಂಟೆಗೊಮ್ಮೆ. ಪೈಪು ತೆಗೆದರು. ಹಿಂಡಿ ಖಾಲಿಯಾದ ಎದೆಯನ್ನು ಚೀಪಿಸುವ ಅಭ್ಯಾಸ ಎರಡನೇ ವಾರದಿಂದಲೇ ನಡೆದಿತ್ತು. 28ನೇ ದಿನ 34 ವಾರ ತುಂಬಿದಾಗ, 1,570 ಗ್ರಾಂ ತೂಕದಲ್ಲಿ, ತುಂಬಿದ ಎದೆಗೆ ಹಾಕಿದರು. ಮೊದಲ ದಿನ ನಾಲ್ಕು ಸಲ ಚೀಪಿ ನಿದ್ದೆ ಹೋಯಿತು. ಹಾಲಿನ ಒತ್ತು ಜೋರಾಗಿ ಕೆಮ್ಮು ಬರುತ್ತಿದ್ದುದರಿಂದ ಮೊದಲು ಸ್ವಲ್ಪ ಹಿಂಡಿ ಆಮೇಲೆ ಹಾಕುವಂತೆ ಹೇಳಿದರು. ಅದೇ ವಾರ ಕಣ್ಣಿನ ರೆಟಿನಾ ತಪಾಸಣೆಯೂ ಆಯಿತು, 30 ದಿನದೊಳಗೆ ಆಗಲೇಬೇಕಾದದ್ದು.

36ನೇ ದಿನ 1,780 ಗ್ರಾಂಗೆ ಮಗು ಮನೆಗೆ ಹೋಯಿತು. 2–3 ಗಂಟೆಗೊಮ್ಮೆ ಎದೆಹಾಲು, ದಿನಕ್ಕೆ ನಾಲ್ಕು ಸಲ ಎದೆಹಾಲಿನ ನಂತರ ಫೋರ್ಟಿಫೈಯರ್ ಬೆರೆಸಿದ 25 ಮಿ.ಲೀ. ಹಿಂಡಿದ ಹಾಲು ಒಳಲೆಯಲ್ಲಿ, 2 ಕೆಜಿ ಆಗುವವರೆಗೆ. ಬಜೆ ತೇದು ನೆಕ್ಕಿಸುವುದು, ಹರಳೆಣ್ಣೆ, ಸಕ್ಕರೆ ನೀರು ಯಾವುದೂ ಬೇಡ. ಮರುದಿನವೇ ಆಶಾ ಕಾರ್ಯಕರ್ತೆ ಮನೆಗೆ, ವಾರಕ್ಕೊಮ್ಮೆ ತೂಕ. ಅಜ್ಜಿ ಮನೆಯ ಬೆಳ್ಳಿ ಒಳಲೆ ತೋರಿಸಿ, ತಾಯಿಯೂ ಅದರಲ್ಲೇ ಕುಡಿದವಳು, ಇದನ್ನೇ ಬಳಸಬಹುದೇ ಎಂದು ಕೇಳಿದರು. ಅದರ ಮೂತಿಯ ಮಡಿಕೆಯಲ್ಲಿ ಹಳೆಯ ಕರೆ ಕಟ್ಟಿತ್ತು, ಬ್ರಷ್ ಒಳಹೋಗುವಂತಿರಲಿಲ್ಲ. ಅಗಲ ಬಾಯಿಯ ಎರಡು ಸ್ಟೀಲ್ ಒಳಲೆ ಕೊಟ್ಟು, ಸೋಪಿನಲ್ಲಿ ತೊಳೆದು ಮುಚ್ಚಿದ ಪಾತ್ರೆಯಲ್ಲಿ 10 ನಿಮಿಷ ಕುದಿಸಿ, ಒಂದು ಬಳಕೆಯಲ್ಲಿದ್ದಾಗ ಇನ್ನೊಂದು ಕುದಿಯುತ್ತಿರಲಿ ಎಂದು ಹೇಳಿ ಕಳಿಸಿದರು.